ದೀಪ ಹಿಡಿದು ಮನೆ ಶೋಧಿಸುವುದು: ಪಾಸ್ಕಹಬ್ಬದ ಸಿದ್ಧತೆಯಲ್ಲಿ ಅಧ್ಯಯನ ಮತ್ತು ಆತ್ಮಪರಿಶೋಧನೆ

ವಿಭೂತಿ ಬುಧವಾರದಿಂದ ಆರಂಭವಾಗಿ ಪಾಸ್ಕಹಬ್ಬದತ್ತ ಸಾಗುವ ದಿನಗಳಿಗೆ ಕನ್ನಡ ಕಥೋಲಿಕರು ಇಟ್ಟುಕೊಂಡಿರುವ ಹೆಸರು ತಪಸ್ಸುಕಾಲ. ಲತೀನಿನ ಮೂಲಪದ ನಲವತ್ತು ದಿನಗಳ ಲೆಕ್ಕವನ್ನಷ್ಟೇ ಹೇಳುತ್ತದೆ. ಕನ್ನಡದ ಪದ ಆ ದಿನಗಳಲ್ಲಿ ಏನು ನಡೆಯಬೇಕೆಂಬುದನ್ನೂ ಸೂಚಿಸುತ್ತದೆ. ನೆರೆಮನೆಯ ಅಕ್ರೈಸ್ತನಿಗೂ ತಪಸ್ಸು ಎಂದೊಡನೆ ಅದರ ಗಾಂಭೀರ್ಯ ತಿಳಿಯುತ್ತದೆ. ಇದು ಈ ಹೆಸರಿನ ದೊಡ್ಡ ಲಾಭ. ಆದರೆ ಪ್ರತಿಯೊಂದು ಹೆಸರೂ ತನ್ನ ಹಿಂದಿನ ಕಥೆಗಳನ್ನು ಹೊತ್ತುಕೊಂಡೇ ಬರುತ್ತದೆ. ನಮ್ಮ ನಾಡಿನ ಕಥೆಗಳಲ್ಲಿ ತಪಸ್ವಿ ಊರು ಬಿಟ್ಟು ಕಾಡಿಗೆ ಹೋಗುತ್ತಾನೆ, ಒಬ್ಬನೇ ಕುಳಿತುಕೊಳ್ಳುತ್ತಾನೆ, ದೇಹವನ್ನು ದಂಡಿಸುತ್ತಾನೆ. ಅವನ ಕೈಯಲ್ಲಿ ಗ್ರಂಥವಿರುವುದಿಲ್ಲ, ಪಕ್ಕದಲ್ಲಿ ಸಭೆಯಿರುವುದಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ತಪಸ್ಸುಕಾಲ ಉಪವಾಸ, ಮಾಂಸವರ್ಜನೆ, ಶಿಲುಬೆಯ ಹಾದಿ ಮತ್ತು ಕಡೆಯ ವಾರದ ಪಾಪನಿವೇದನೆಗಳಿಗೆ ಸೀಮಿತವಾಗಿರುವುದರಲ್ಲಿ ಈ ಹೆಸರಿನ ಪಾಲೂ ಇದೆಯೆಂದು ನಮಗೆ ತೋರುತ್ತದೆ.

ಈ ಆಚರಣೆಗಳನ್ನು ನಾವು ಅಲ್ಲಗಳೆಯುವುದಿಲ್ಲ. ನಮ್ಮ ಆಕ್ಷೇಪವಿರುವುದು ಬೇರೆಡೆ. ಪವಿತ್ರ ದಿನಗಳಿಗೆ ಸಿದ್ಧರಾಗುವ ಬೈಬಲಿನ ಕ್ರಮದಲ್ಲಿ ಅಧ್ಯಯನ ಮತ್ತು ಆತ್ಮಪರಿಶೋಧನೆ ಒಂದೇ ಕಾರ್ಯದ ಎರಡು ಮುಖಗಳು. ನಾವಾದರೋ ಅವುಗಳನ್ನು ಸೀಳಿ ಇಬ್ಬರಿಗೆ ಹಂಚಿದ್ದೇವೆ: ಅಧ್ಯಯನವನ್ನು ಗುರುಮಠಕ್ಕೆ, ಆತ್ಮಪರಿಶೋಧನೆಯನ್ನು ಪಾಪನಿವೇದನೆಗೆ ಸಾಲುನಿಂತ ಶ್ರೀಸಾಮಾನ್ಯರಿಗೆ. ಇದರಿಂದ ಗುರುಮಠದ ಅಧ್ಯಯನ ಪರೀಕ್ಷೆಗಾಗಿ ಮಾಡುವ ಓದಾಯಿತು, ಜನರ ಆತ್ಮಪರಿಶೋಧನೆ ವರ್ಷವರ್ಷವೂ ಬದಲಾಗದ ಪಟ್ಟಿಯಾಯಿತು. ಈ ಸೀಳನ್ನು ಪವಿತ್ರಗ್ರಂಥದ ಬೆಳಕಿನಲ್ಲಿ ವಿಮರ್ಶಿಸುವುದು ಈ ಲೇಖನದ ಉದ್ದೇಶ.

ಹಗಲಿನ ಎರಡು ಪಾಲುಗಳು

ನೆಹೆಮೀಯನ ಗ್ರಂಥದ ಎಂಟು ಮತ್ತು ಒಂಬತ್ತನೆಯ ಅಧ್ಯಾಯಗಳನ್ನು ಒಟ್ಟಿಗೆ ಓದಬೇಕು. ಏಳನೆಯ ತಿಂಗಳ ಮೊದಲನೆಯ ದಿನ ಜನರು ನೀರುಬಾಗಿಲಿನ ಮುಂದಿನ ಬಯಲಿನಲ್ಲಿ ನೆರೆಯುತ್ತಾರೆ. ಮರದ ವೇದಿಕೆಯ ಮೇಲೆ ನಿಂತ ಎಜ್ರನು ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಓದುತ್ತಾನೆ. ಕೇಳುವವರು ಗಂಡಸರು, ಹೆಂಗಸರು ಮತ್ತು ಕೇಳಿ ಗ್ರಹಿಸಬಲ್ಲವರೆಲ್ಲರೂ. ಲೇವಿಯರು ಜನರ ನಡುವೆ ಓದಿದ್ದನ್ನು ಅರ್ಥವಾಗುವಂತೆ ವಿವರಿಸುತ್ತಾರೆ. ಅಕ್ಷರ ಬಾರದವರಿಗೆ ಅಧ್ಯಯನ ಹೇಗೆ ಸಾಧ್ಯವೆಂಬ ನಮ್ಮ ಎಂದಿನ ಪ್ರಶ್ನೆಗೆ ಇಲ್ಲಿಯೇ ಉತ್ತರವಿದೆ: ಒಬ್ಬರು ಓದಬೇಕು, ಒಬ್ಬರು ಬಿಡಿಸಿ ಹೇಳಬೇಕು, ಎಲ್ಲರೂ ಕೇಳಬೇಕು. ಅಧ್ಯಯನವೆಂದರೆ ಒಂಟಿಯಾಗಿ ಪುಸ್ತಕದ ಮುಂದೆ ಕೂರುವುದೊಂದೇ ಅಲ್ಲ.

ಮುಂದಿನ ಕ್ರಮವನ್ನು ಗಮನಿಸಬೇಕು. ಧರ್ಮಶಾಸ್ತ್ರವನ್ನು ಕೇಳಿದ ಜನ ಅಳುತ್ತಾರೆ. ನಾವಾಗಿದ್ದರೆ ಆ ಕಣ್ಣೀರನ್ನು ಪ್ರಬೋಧನೆಯ ಯಶಸ್ಸೆಂದು ಭಾವಿಸಿ ಆ ಕ್ಷಣವೇ ಪಾಪನಿವೇದನೆಗೆ ಕರೆಯುತ್ತಿದ್ದೆವು. ಎಜ್ರನೂ ಲೇವಿಯರೂ ಅಳುವನ್ನು ತಡೆಯುತ್ತಾರೆ. ಉಂಡು ಕುಡಿದು ಸಂತೋಷಪಡಿರಿ, ಏನೂ ಇಲ್ಲದವರಿಗೆ ಪಾಲು ಕಳುಹಿಸಿರಿ ಎನ್ನುತ್ತಾರೆ. ಎರಡನೆಯ ದಿನ ಕುಟುಂಬಗಳ ಮುಖ್ಯಸ್ಥರು ಯಾಜಕರೊಂದಿಗೆ ಎಜ್ರನ ಬಳಿ ಮತ್ತೆ ಕೂಡುತ್ತಾರೆ. ಈ ಬಾರಿ ಅವರು ಬರುವುದು ಭಾವಾವೇಶದಿಂದಲ್ಲ, ವಾಕ್ಯಗಳನ್ನು ಪರಿಶೀಲಿಸುವುದಕ್ಕಾಗಿ. ಹಾಗೆ ಪರಿಶೀಲಿಸುವಾಗಲೇ ಪರ್ಣಕುಟೀರಗಳ ಹಬ್ಬದ ವಿಧಿ ಅವರಿಗೆ ಸಿಗುತ್ತದೆ. ಜನ ಬೆಟ್ಟಕ್ಕೆ ಹೋಗಿ ಕೊಂಬೆಗಳನ್ನು ತಂದು ಗುಡಿಸಲು ಕಟ್ಟುತ್ತಾರೆ. ಅಧ್ಯಯನ ಹಬ್ಬಕ್ಕೆ ಅಲಂಕಾರವಾಗಿ ಬರಲಿಲ್ಲ, ಹಬ್ಬವೇ ಅಧ್ಯಯನದಿಂದ ಹುಟ್ಟಿತು.

ಪಾಪನಿವೇದನೆ ಬರುವುದು ಆ ಬಳಿಕ, ಇಪ್ಪತ್ತನಾಲ್ಕನೆಯ ದಿನ. ಅಂದು ಉಪವಾಸವಿದ್ದು ಗೋಣಿತಟ್ಟು ಉಟ್ಟ ಜನರು ಹಗಲಿನ ಕಾಲುಭಾಗವನ್ನು ಧರ್ಮಶಾಸ್ತ್ರದ ವಾಚನದಲ್ಲಿಯೂ ಇನ್ನೊಂದು ಕಾಲುಭಾಗವನ್ನು ಪಾಪನಿವೇದನೆ ಮತ್ತು ಆರಾಧನೆಯಲ್ಲಿಯೂ ಕಳೆದರೆಂದು ಗ್ರಂಥಕರ್ತ ಅಳೆದು ಹೇಳುತ್ತಾನೆ. ಪಾಲುಗಳು ಸಮವಾಗಿವೆ. ಅಷ್ಟೇ ಅಲ್ಲ, ಅನಂತರ ಬರುವ ದೀರ್ಘ ಪ್ರಾರ್ಥನೆ ಸೃಷ್ಟಿಯಿಂದ ತೊಡಗಿ ಅಬ್ರಹಾಮ, ಈಜಿಪ್ಟು, ಸೀನಾಯಿ, ಮರುಭೂಮಿಗಳ ಮೂಲಕ ಹಾದು, ತಮ್ಮದೇ ನಾಡಿನಲ್ಲಿ ಆಳುಗಳಾಗಿ ಅದರ ಬೆಳೆಯನ್ನು ಅನ್ಯ ಅರಸರಿಗೆ ಒಪ್ಪಿಸುತ್ತಿರುವ ಇಂದಿನ ಸಂಕಟಕ್ಕೆ ಬಂದು ನಿಲ್ಲುತ್ತದೆ. ಓದಿದ ಚರಿತ್ರೆಯೇ ಪಾಪನಿವೇದನೆಯ ಭಾಷೆಯಾಗಿದೆ. ಓದದವರಿಗೆ ಈ ಭಾಷೆ ದಕ್ಕುವುದಿಲ್ಲ. ಅವರಿಗೆ ಉಳಿಯುವುದು ಕೋಪಮಾಡಿಕೊಂಡೆ, ಸುಳ್ಳು ಹೇಳಿದೆ, ಪೂಜೆ ತಪ್ಪಿಸಿದೆ ಎಂಬ ಮೂರು ವಾಕ್ಯಗಳು. ಅವು ಸುಳ್ಳಲ್ಲ, ಆದರೆ ಅವುಗಳಲ್ಲಿ ಚರಿತ್ರೆಯಿಲ್ಲ, ಸಮುದಾಯವಿಲ್ಲ, ದೇವರು ಮಾಡಿದ ಮಹತ್ಕಾರ್ಯಗಳ ನೆನಪೂ ಇಲ್ಲ.

ಹುಳಿಹಿಟ್ಟು ಮತ್ತು ಹೆಪ್ಪು

ಪಾಸ್ಕಹಬ್ಬಕ್ಕೆ ಮುನ್ನ ಮನೆಯಿಂದ ಹುಳಿಹಿಟ್ಟನ್ನು ತೆಗೆದುಹಾಕಬೇಕೆಂಬುದು ವಿಮೋಚನಕಾಂಡದ ಹನ್ನೆರಡನೆಯ ಅಧ್ಯಾಯದ ವಿಧಿ. ಯೆಹೂದ್ಯ ಸಂಪ್ರದಾಯ ಈ ವಿಧಿಯನ್ನು ಸೂಕ್ಷ್ಮವಾದ ಆಚರಣೆಯಾಗಿ ಬೆಳೆಸಿತು. ಮಿಷ್ನಾದಲ್ಲಿ ಪಾಸ್ಕಕ್ಕೆ ಮೀಸಲಾದ ಭಾಗ ಪ್ರಾರಂಭವಾಗುವುದೇ ಹಬ್ಬದ ಹಿಂದಿನ ರಾತ್ರಿ ದೀಪದ ಬೆಳಕಿನಲ್ಲಿ ಹುಳಿಯನ್ನು ಹುಡುಕುವ ನಿಯಮದಿಂದ. ಹಬ್ಬಕ್ಕೆ ಮೂವತ್ತು ದಿನಗಳ ಮುಂಚಿನಿಂದಲೇ ಅದರ ವಿಧಿಗಳನ್ನು ಕೇಳಿ ಕಲಿಯಬೇಕೆಂದು ತಲ್ಮೂದು ಹೇಳುತ್ತದೆ. ಮೊದಲು ಕಲಿಕೆ, ಆಮೇಲೆ ಹುಡುಕಾಟ. ಮನುಷ್ಯನ ಆತ್ಮವು ಅವನ ಅಂತರಾಳವನ್ನು ಶೋಧಿಸುವ ದೇವರ ದೀಪವೆಂಬ ಜ್ಞಾನೋಕ್ತಿಯ ಮಾತನ್ನೂ ರಬ್ಬಿಗಳು ಈ ದೀಪಕ್ಕೆ ಜೋಡಿಸಿದರು. ಹೀಗೆ ಮನೆಯ ಶೋಧನೆ ಮನಸ್ಸಿನ ಶೋಧನೆಗೆ ರೂಪಕವಾಯಿತು. ಹಳೆಯ ಹುಳಿಯನ್ನು ತೆಗೆದುಹಾಕಿರೆಂದು ಸಂತ ಪೌಲರು ಕೊರಿಂಥದ ಸಭೆಗೆ ಬರೆದಾಗ ಅವರ ಬೆನ್ನಿಗೆ ಪಾಸ್ಕದ ಈ ಮನೆಶುದ್ಧಿಯೇ ಇತ್ತು.

ಈ ಆಚರಣೆಯ ಮುಕ್ತಾಯ ನಮ್ಮ ಮಟ್ಟಿಗೆ ಅತ್ಯಂತ ಅಮೂಲ್ಯವಾದುದು. ಹುಡುಕಾಟ ಮುಗಿದ ಮೇಲೆ ಮನೆಯವರು, ತಮ್ಮ ಕಣ್ಣಿಗೆ ಬೀಳದೆ ಉಳಿದ ಹುಳಿಯೆಲ್ಲವೂ ನೆಲದ ಧೂಳಿನಂತೆ ಲೆಕ್ಕಕ್ಕಿಲ್ಲವೆಂದು ಘೋಷಿಸುತ್ತಾರೆ. ಶೋಧನೆ ಪ್ರಾಮಾಣಿಕವಾಗಿರಬೇಕು, ಆದರೆ ಅದಕ್ಕೊಂದು ಕೊನೆಯೂ ಇರಬೇಕು. ಕಾಣದ್ದನ್ನು ದೇವರಿಗೆ ಬಿಡಬೇಕು. ಮರೆಯಾದ ತಪ್ಪುಗಳಿಂದ ನನ್ನನ್ನು ಶುದ್ಧಗೊಳಿಸೆಂದು ಬೇಡುವ ಕೀರ್ತನೆಕಾರನೂ ಇದನ್ನೇ ಮಾಡುತ್ತಾನೆ. ಪಾಪಭೀತಿಯಿಂದ ನರಳುವ ಮನಸ್ಸಾಕ್ಷಿಗಳಿಗೆ ಮಾರ್ಗದರ್ಶನ ಮಾಡುವ ಗುರುಗಳು ಈ ಘೋಷಣೆಯನ್ನು ನೆನಪಿಡಬೇಕು.

ಇಲ್ಲಿ ಅನುವಾದದ ತೊಡಕೊಂದಿದೆ. ಜೋಳದ ರೊಟ್ಟಿ ಉಣ್ಣುವ ನಮ್ಮ ಸೀಮೆಯಲ್ಲಿ ರೊಟ್ಟಿಗೆ ಹುಳಿ ಸೇರುವುದೇ ಇಲ್ಲ. ಹುಳಿಯಿಲ್ಲದ ರೊಟ್ಟಿಯೆಂದರೆ ನಮ್ಮ ದಿನನಿತ್ಯದ ರೊಟ್ಟಿಯೇ. ಆದ್ದರಿಂದ ಪೌಲರ ರೂಪಕ ಕನ್ನಡದ ಕಿವಿಗೆ ಬಿದ್ದರೂ ನಾಲಗೆಗೆ ತಾಕುವುದಿಲ್ಲ. ಪ್ರಬೋಧಕರು ಅದನ್ನು ಹೆಪ್ಪಿನ ಮೂಲಕ ವಿವರಿಸಬಹುದು. ನಿನ್ನೆಯ ಮೊಸರಿನಲ್ಲಿ ಒಂದು ಚಮಚ ಎತ್ತಿಟ್ಟರೆ ಅದು ಇಂದಿನ ಪಾತ್ರೆಯ ಹಾಲನ್ನೆಲ್ಲ ತನ್ನಂತೆಯೇ ಮಾಡಿಬಿಡುತ್ತದೆ. ನಿನ್ನೆಯಿಂದ ಎತ್ತಿಟ್ಟುಕೊಂಡಿರುವ ಆ ಚಮಚ ಯಾವುದು? ಯಾವ ಹಗೆ, ಯಾವ ಜಂಬ, ಯಾವ ಆಸ್ತಿಯ ವ್ಯಾಜ್ಯ? ಪೌಲರ ಪ್ರಶ್ನೆ ಹೀಗೆ ಅಡುಗೆಮನೆಗೆ ಇಳಿದಾಗ ಅಧ್ಯಯನವೇ ಪರಿಶೋಧನೆಯಾಗುತ್ತದೆ. ಹಬ್ಬಕ್ಕೆ ಮೊದಲು ಸುಣ್ಣ ಬಳಿದು, ಪಾತ್ರೆಪಡಗ ಬೆಳಗಿ, ಹಾಸಿಗೆ ಹೊದಿಕೆಗಳನ್ನು ಹೊಳೆಗೆ ಒಯ್ದು ಒಗೆಯುವ ತುಂಗಭದ್ರೆಯ ಸೀಮೆಯ ಮನೆಗಳಿಗೆ ಹಬ್ಬದ ಮುನ್ನಾದಿನಗಳ ಶ್ರಮವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಅದರ ಒಳಮುಖವನ್ನು ತೋರಿಸಿಕೊಟ್ಟರೆ ಸಾಕು.

ಪ್ರಶ್ನಾವಳಿಯ ಮಿತಿ

ನಮ್ಮ ಪ್ರಾರ್ಥನಾಪುಸ್ತಕಗಳಲ್ಲಿ ಪಾಪನಿವೇದನೆಯ ಸಿದ್ಧತೆಗೆಂದು ದಶಾಜ್ಞೆಗಳ ಕ್ರಮದಲ್ಲಿ ಜೋಡಿಸಿದ ಪ್ರಶ್ನಾವಳಿಗಳಿರುತ್ತವೆ. ಅವು ನೆನಪಿಗೆ ಸುಲಭ, ಬೇಗ ಮುಗಿಯುತ್ತವೆ, ಎಷ್ಟೋ ತಲೆಮಾರುಗಳ ಮನಸ್ಸಾಕ್ಷಿಯನ್ನು ಅವು ಎಚ್ಚರವಾಗಿಟ್ಟಿವೆ. ಆದರೂ ಅವುಗಳ ಮಿತಿಯನ್ನು ಹೇಳಲೇಬೇಕು. ಮೊದಲನೆಯದಾಗಿ, ಅವು ಕೆಡುಕನ್ನು ಮಾತ್ರ ಹುಡುಕುತ್ತವೆ. ಎರಡನೆಯದಾಗಿ, ಒಬ್ಬೊಬ್ಬನನ್ನೇ ಬಿಡಿಯಾಗಿ ಪ್ರಶ್ನಿಸುತ್ತವೆ. ಮೂರನೆಯದಾಗಿ, ಅವುಗಳಲ್ಲಿ ದಶಾಜ್ಞೆಗಳಿದ್ದರೂ ಆ ಆಜ್ಞೆಗಳಿಗೆ ಮೊದಲು ಬರುವ ವಾಕ್ಯವಿಲ್ಲ. ದಾಸತ್ವದಿಂದ ನಿಮ್ಮನ್ನು ಬಿಡಿಸಿದ ದೇವರು ನಾನೇ ಎಂಬ ಆ ಪೀಠಿಕೆಯನ್ನು ಬಿಟ್ಟರೆ ದಶಾಜ್ಞೆಗಳು ಯಾರು ಬೇಕಾದರೂ ಬರೆಯಬಹುದಾದ ನೀತಿಪಟ್ಟಿಯಾಗುತ್ತವೆ.

ನೀತಿಪಟ್ಟಿಯಷ್ಟೇ ಸಾಕಾದರೆ ನಮ್ಮ ನಾಡಿಗೆ ಅದರ ಕೊರತೆಯಿಲ್ಲ. ಬಸವಣ್ಣನವರ ಏಳು ನಿಷೇಧಗಳ ಪ್ರಸಿದ್ಧ ವಚನ, ಹಿರೇಕಲ್ಮಠವಿರುವ ಹೊನ್ನಾಳಿಯ ಸೀಮೆಯಲ್ಲಂತೂ, ಮಕ್ಕಳಿಗೂ ಬಾಯಿಪಾಠ. ಕಳವು, ಕೊಲೆ, ಹುಸಿಗಳ ಜೊತೆಗೆ ತನ್ನನ್ನು ತಾನು ಹೊಗಳಿಕೊಳ್ಳುವುದನ್ನೂ ಎದುರಿನವರನ್ನು ಹಳಿಯುವುದನ್ನೂ ಅದು ನಿಷೇಧಿಸುತ್ತದೆ. ಈ ಎರಡು ನಮ್ಮ ಪ್ರಶ್ನಾವಳಿಗಳಲ್ಲಿ ಎಷ್ಟೋ ಬಾರಿ ಕಾಣಿಸುವುದಿಲ್ಲ. ಗುರುವರ್ಗಕ್ಕೆ ಅವು ತಕ್ಕ ಪ್ರಶ್ನೆಗಳೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಿರಲಿ. ಇಂಥ ವಚನವಿರುವ ನೆಲದಲ್ಲಿ ಕ್ರೈಸ್ತ ಆತ್ಮಪರಿಶೋಧನೆ ಮತ್ತೊಂದು ಪಟ್ಟಿಯಾಗಿ ನಿಂತರೆ ಅದರ ವಿಶೇಷವೇನು? ಶುಭಸಂದೇಶದ ಮುಂದೆ ನಿಂತು ತನ್ನನ್ನು ನೋಡಿಕೊಳ್ಳುವುದೇ ಅದರ ವಿಶೇಷ. ನಾವು ಬಳಸುವ ಕನ್ನಡ ಬೈಬಲು ಮಾರ್ಕನ ಮೊದಲನೆಯ ಅಧ್ಯಾಯದ ಕರೆಯನ್ನು ಪಾಪಕ್ಕೆ ವಿಮುಖ, ದೇವರಿಗೆ ಅಭಿಮುಖ ಎಂಬ ಜೋಡಿಪದಗಳಿಂದ ಬಿಡಿಸಿದೆ. ಇದು ಸಾರ್ಥಕವಾದ ಅನುವಾದ. ಪಟ್ಟಿ ವಿಮುಖರಾಗುವುದನ್ನು ಕಲಿಸಬಲ್ಲುದು. ಅಭಿಮುಖರಾಗಬೇಕಾದರೆ ಎದುರಿಗೆ ಒಂದು ಮುಖ ಕಾಣಿಸಬೇಕು. ಆ ಮುಖವನ್ನು ತೋರುವುದು ವಾಕ್ಯದ ಅಧ್ಯಯನ.

ಧರ್ಮಸಭೆ ಇದನ್ನು ಅರಿಯದೆ ಇಲ್ಲ. 1973ರ ಡಿಸೆಂಬರ್ 2ರಂದು ಪ್ರಕಟವಾದ ಪ್ರಾಯಶ್ಚಿತ್ತ ಸಂಸ್ಕಾರದ ನೂತನ ವಿಧಿ, ಒಬ್ಬೊಬ್ಬರಾಗಿ ಮಾಡುವ ಪಾಪನಿವೇದನೆಯಲ್ಲಿಯೂ ದೇವರ ವಾಕ್ಯವನ್ನು ಓದಲು ಅವಕಾಶ ಕೊಟ್ಟಿದೆ. ಅದರ ಅನುಬಂಧದಲ್ಲಿರುವ ಪರಿಶೋಧನೆಯ ಮಾದರಿ ದಶಾಜ್ಞೆಗಳ ಕ್ರಮವನ್ನು ಬಿಟ್ಟು ಮೂರು ಬೈಬಲ್ ವಾಕ್ಯಗಳನ್ನೇ ಶೀರ್ಷಿಕೆಗಳನ್ನಾಗಿ ಮಾಡಿಕೊಂಡಿದೆ: ಪೂರ್ಣಹೃದಯದಿಂದ ದೇವರನ್ನು ಪ್ರೀತಿಸುವುದು, ಕ್ರಿಸ್ತರು ಪ್ರೀತಿಸಿದಂತೆ ಪರಸ್ಪರ ಪ್ರೀತಿಸುವುದು, ತಂದೆಯಂತೆ ಪರಿಪೂರ್ಣರಾಗುವುದು. ಅರ್ಧ ಶತಮಾನ ಕಳೆದರೂ ಆ ವಾಚನದ ಅವಕಾಶ ನಮ್ಮ ಧರ್ಮಕೇಂದ್ರಗಳಲ್ಲಿ ಬಹುಮಟ್ಟಿಗೆ ಮುದ್ರಿತ ಅಕ್ಷರವಾಗಿಯೇ ಉಳಿದಿದೆ. ಸಾಲು ಉದ್ದವಾಗಿದೆ, ಸಮಯವಿಲ್ಲ ಎಂಬುದು ನಮ್ಮ ಸಮರ್ಥನೆ. ಸಾಲು ಉದ್ದವಾಗುವುದು ಎಲ್ಲರನ್ನೂ ಪವಿತ್ರ ವಾರಕ್ಕೇ ಕರೆದದ್ದರಿಂದ.

ಮೂರು ಭಾನುವಾರಗಳು

ಅಧ್ಯಯನ ಮತ್ತು ಪರಿಶೋಧನೆಗಳನ್ನು ಧರ್ಮಸಭೆ ಒಂದಾಗಿ ಹಿಡಿದಿರುವ ಜಾಗವೊಂದಿದೆ. ಪಾಸ್ಕ ಜಾಗರಣೆಯಲ್ಲಿ ದೀಕ್ಷಾಸ್ನಾನ ಪಡೆಯಲಿರುವವರಿಗಾಗಿ ತಪಸ್ಸುಕಾಲದ ಮೂರು, ನಾಲ್ಕು ಮತ್ತು ಐದನೆಯ ಭಾನುವಾರಗಳಲ್ಲಿ ನಡೆಯುವ ಪರಿಶೋಧನಾವಿಧಿಗಳೇ ಅವು. ವಯಸ್ಕರ ದೀಕ್ಷಾವಿಧಿ 1972ರಲ್ಲಿ ಇವನ್ನು ನವೀಕರಿಸಿತು. ಅಲ್ಲಿ ಪ್ರಶ್ನಾವಳಿಯಿಲ್ಲ; ಸಂತ ಯೊವಾನ್ನರ ಶುಭಸಂದೇಶದ ಮೂರು ಪ್ರಸಂಗಗಳೇ ಶೋಧಿಸುತ್ತವೆ. ಹೃದಯದಲ್ಲಿ ದುರ್ಬಲವಾದುದನ್ನು ಬಯಲಿಗೆ ತಂದು ಗುಣಪಡಿಸುವುದರ ಜೊತೆಗೆ ಒಳ್ಳೆಯದನ್ನು ಗುರುತಿಸಿ ಬಲಪಡಿಸುವುದೂ ಈ ವಿಧಿಯ ಗುರಿ. ಈ ಎರಡನೆಯ ಅರ್ಧವನ್ನು ನಾವು ಸಂಪೂರ್ಣವಾಗಿ ಮರೆತಿದ್ದೇವೆ.

ಮೊದಲನೆಯದು ಸಮಾರಿಯದ ಸ್ತ್ರೀಯ ಪ್ರಸಂಗ. ಪ್ರಬೋಧಕರು ಆಕೆಯ ಐವರು ಗಂಡಂದಿರ ಮೇಲೆಯೇ ಕಣ್ಣಿಡುವುದು ವಾಡಿಕೆ. ಪಠ್ಯ ಹಾಗೆ ಮಾಡುವುದಿಲ್ಲ. ಸಂಭಾಷಣೆ ತೊಡಗುವುದು ನೀರು ಕೊಡೆಂಬ ಬೇಡಿಕೆಯಿಂದ. ಯೆಹೂದ್ಯರಿಗೂ ಸಮಾರಿಯದವರಿಗೂ ಇದ್ದ ಬಳಕೆಯ ನಿಷೇಧವನ್ನು ಶುಭಸಂದೇಶಕಾರರೇ ಬಿಡಿಸಿ ಹೇಳುತ್ತಾರೆ. ಬಾವಿ, ಕೊಡ, ಯಾರ ಕೈನೀರು ಯಾರಿಗೆ ಸಲ್ಲುತ್ತದೆ ಎಂಬ ಪ್ರಶ್ನೆ: ಕರ್ನಾಟಕದ ಹಳ್ಳಿಯಲ್ಲಿ ಹುಟ್ಟಿದವರಿಗೆ ಇದಕ್ಕೆ ಟಿಪ್ಪಣಿ ಬೇಕಿಲ್ಲ. ಹೀಗಿದ್ದೂ, ಯಾರ ಮನೆಯ ಲೋಟದಲ್ಲಿ ನೀರು ಕುಡಿಯಲು ಹಿಂಜರಿದೆ ಎಂಬ ಪ್ರಶ್ನೆ ನಮ್ಮ ಪರಿಶೋಧನೆಯ ಪಟ್ಟಿಗಳಲ್ಲಿ ಏಕಿಲ್ಲ? ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಸಮ್ಮೇಳನ 2016ರಲ್ಲಿ ದಲಿತ ಸಬಲೀಕರಣದ ನೀತಿಯನ್ನು ಪ್ರಕಟಿಸಬೇಕಾಗಿ ಬಂದಿತೆಂದರೆ ಧರ್ಮಸಭೆಯೊಳಗೂ ಈ ಬಾವಿ ಬತ್ತಿಲ್ಲವೆಂದೇ ಅರ್ಥ. ದಶಾಜ್ಞೆಗಳ ಪಟ್ಟಿ ಕೇಳದೆ ಬಿಟ್ಟ ಪ್ರಶ್ನೆಯನ್ನು ಯೊವಾನ್ನರ ನಾಲ್ಕನೆಯ ಅಧ್ಯಾಯ ಕೇಳುತ್ತದೆ.

ಎರಡನೆಯದು ಹುಟ್ಟುಕುರುಡನ ಪ್ರಸಂಗ. ಅದನ್ನು ಓದುವಾಗ ಇಬ್ಬರ ಅರಿವಿನ ನಡೆಯನ್ನು ಗುರುತಿಸಬೇಕು. ಕುರುಡನಾಗಿದ್ದವನು ಯೇಸುವನ್ನು ಮೊದಲು ಒಬ್ಬ ಮನುಷ್ಯನೆಂದೂ ಅನಂತರ ಪ್ರವಾದಿಯೆಂದೂ ಬಳಿಕ ದೇವರಿಂದ ಬಂದವರೆಂದೂ ಕಡೆಗೆ ಪ್ರಭುವೆಂದೂ ಕರೆಯುತ್ತಾನೆ. ಧರ್ಮಶಾಸ್ತ್ರ ಬಲ್ಲ ಫರಿಸಾಯರಾದರೋ ನಾವು ಬಲ್ಲೆವೆಂದು ಹೇಳುತ್ತಲೇ ಕುರುಡರಾಗುತ್ತ ಹೋಗುತ್ತಾರೆ. ಪರಿಶೋಧನೆಯಿಲ್ಲದ ಅಧ್ಯಯನದ ಚಿತ್ರವಿದು. ದೇವಶಾಸ್ತ್ರ ಕಲಿಸುವವರೂ ಕಲಿಯುವವರೂ ಇಲ್ಲಿ ಕನ್ನಡಿ ನೋಡಿಕೊಳ್ಳಬೇಕು: ಈ ವರ್ಷದ ಓದು ನಮ್ಮ ಬಾಯಲ್ಲಿ ಬಲ್ಲೆವೆಂಬ ಮಾತನ್ನು ಹೆಚ್ಚಿಸಿತೋ, ನಮಸ್ಕರಿಸುವ ಮೊಣಕಾಲನ್ನು ಬಾಗಿಸಿತೋ?

ಮೂರನೆಯದು ಲಾಸರನ ಸಮಾಧಿ. ಅಂತಿಮ ದಿನದ ಪುನರುತ್ಥಾನವನ್ನು ಮಾರ್ತಳು ತಡೆಯಿಲ್ಲದೆ ಒಪ್ಪಿ ಹೇಳುತ್ತಾಳೆ. ಆಕೆಯ ವಿಶ್ವಾಸೋಕ್ತಿಯಲ್ಲಿ ದೋಷವಿಲ್ಲ. ಆದರೂ ಕಲ್ಲು ತೆಗೆಯಿರೆಂದಾಗ ವಾಸನೆಯ ಮಾತೆತ್ತಿ ತಡೆಯುವವಳೂ ಆಕೆಯೇ. ಸಿದ್ಧಾಂತ ಸರಿಯಿದ್ದೂ ಕಲ್ಲು ಅಲ್ಲಿಯೇ ಇರಬಹುದು. ಯೇಸು ಕಲ್ಲನ್ನು ತಾವೇ ತೆಗೆಯುವುದಿಲ್ಲ, ಕಟ್ಟುಗಳನ್ನು ತಾವೇ ಬಿಚ್ಚುವುದಿಲ್ಲ; ಎರಡನ್ನೂ ನೆರೆದವರಿಗೆ ಒಪ್ಪಿಸುತ್ತಾರೆ. ಒಬ್ಬನ ಮನಸ್ಸಾಂತರದಲ್ಲಿ ಸಭೆಗೂ ಕೆಲಸವಿದೆ.

ಸಿದ್ಧರಾಗಲಾಗದವರು

ಇಷ್ಟೆಲ್ಲ ಸಿದ್ಧತೆ ಯಾರಿಗೆ ಸಾಧ್ಯ ಎಂಬ ಆಕ್ಷೇಪ ಉಳಿಯುತ್ತದೆ. ಅದು ಹಗುರವಾದುದಲ್ಲ. ನ್ಯಾಮತಿ ತಾಲ್ಲೂಕಿನ ಗೋವಿನಕೋವಿಯಂಥ ಹಳ್ಳಿಯಲ್ಲಿ ಒಂದು ಕ್ರೈಸ್ತ ಕುಟುಂಬವಿದೆಯೆಂದು ಭಾವಿಸೋಣ. ದಿನಗೂಲಿಯ ದುಡಿಮೆ, ದೂರದ ದೇವಾಲಯ, ಎಂದೋ ಒಮ್ಮೆ ಬರುವ ಗುರುಗಳು. 1988ರಲ್ಲಿ ಸ್ಥಾಪಿತವಾದ ಶಿವಮೊಗ್ಗ ಧರ್ಮಕ್ಷೇತ್ರದಂಥ ವಿಸ್ತಾರವಾದ ಕ್ಷೇತ್ರಗಳಲ್ಲಿ ಸೇವೆ ಮಾಡುವವರಿಗೆ ಇದು ಕಲ್ಪನೆಯ ಮಾತೆನಿಸದು. ಈ ಕುಟುಂಬದವರು ಶುಭ ಶುಕ್ರವಾರದಂದು ಸಿದ್ಧತೆಯಿಲ್ಲದೆ ಬಂದು ಹಿಂದಿನ ಸಾಲಿನಲ್ಲಿ ನಿಂತರೆ ನಾವು ಅವರನ್ನು ಯಾವ ಕಣ್ಣಿನಿಂದ ನೋಡುತ್ತೇವೆ?

ಪೂರ್ವಕಾಲವೃತ್ತಾಂತದ ಎರಡನೆಯ ಗ್ರಂಥದ ಮೂವತ್ತನೆಯ ಅಧ್ಯಾಯ ಇದಕ್ಕೆ ಉತ್ತರ ಕೊಡುತ್ತದೆ. ಅರಸ ಹಿಜ್ಕೀಯನು ಪಾಸ್ಕವನ್ನು ಮೊದಲನೆಯ ತಿಂಗಳಲ್ಲಿ ಆಚರಿಸಲಾಗದೆ ಎರಡನೆಯ ತಿಂಗಳಿಗೆ ಮುಂದೂಡುತ್ತಾನೆ. ಕಾರಣಗಳು ಎರಡು: ಜನ ಇನ್ನೂ ನೆರೆದಿರಲಿಲ್ಲ; ತಮ್ಮನ್ನು ಶುದ್ಧಪಡಿಸಿಕೊಂಡ ಯಾಜಕರು ಸಾಕಷ್ಟಿರಲಿಲ್ಲ. ಅಂದರೆ ಹಬ್ಬ ತಡವಾದುದಕ್ಕೆ ಯಾಜಕರ ಅಸಿದ್ಧತೆಯೂ ಕಾರಣವಾಗಿತ್ತು, ಅವರು ನಾಚಿಕೊಂಡರೆಂಬುದನ್ನೂ ಗ್ರಂಥಕರ್ತ ಮುಚ್ಚಿಡುವುದಿಲ್ಲ. ಅಶುದ್ಧರಾದವರಿಗೂ ದೂರಪ್ರಯಾಣದಲ್ಲಿರುವವರಿಗೂ ಎರಡನೆಯ ತಿಂಗಳಲ್ಲಿ ಪಾಸ್ಕದ ಅವಕಾಶವನ್ನು ಸಂಖ್ಯಾಕಾಂಡದ ಒಂಬತ್ತನೆಯ ಅಧ್ಯಾಯ ಮೊದಲೇ ಕಲ್ಪಿಸಿತ್ತು. ಇಷ್ಟಾದರೂ ಉತ್ತರದ ಕುಲಗಳಿಂದ ಬಂದ ಅನೇಕರು ಶುದ್ಧಿಯಿಲ್ಲದೆಯೇ ಪಾಸ್ಕ ಭೋಜನ ಮಾಡುತ್ತಾರೆ. ಹಿಜ್ಕೀಯನು ಅವರನ್ನು ಹೊರಗಟ್ಟುವುದಿಲ್ಲ. ದೇವರನ್ನರಸಲು ಮನಸ್ಸು ಮಾಡಿದವರನ್ನು ಕ್ಷಮಿಸೆಂದು ಪ್ರಾರ್ಥಿಸುತ್ತಾನೆ. ಸರ್ವೇಶ್ವರನು ಆ ಪ್ರಾರ್ಥನೆಗೆ ಕಿವಿಗೊಟ್ಟು ಜನರನ್ನು ಗುಣಪಡಿಸಿದನೆಂದು ಗ್ರಂಥ ಹೇಳುತ್ತದೆ. ಪರಮಪ್ರಸಾದವನ್ನು ಸ್ವೀಕರಿಸುವ ಮುನ್ನ ಪ್ರತಿಯೊಬ್ಬನೂ ತನ್ನನ್ನು ಪರೀಕ್ಷಿಸಿಕೊಳ್ಳಲೆಂಬ ಸಂತ ಪೌಲರ ಎಚ್ಚರಿಕೆಯನ್ನು ಈ ಅಧ್ಯಾಯ ಸಡಿಲಿಸುವುದಿಲ್ಲ. ಕೊರಿಂಥದಲ್ಲಿ ಪೌಲರು ಖಂಡಿಸಿದ್ದು ಹಸಿದವರನ್ನು ಬಿಟ್ಟು ತಾವೇ ಉಂಡ ಉಳ್ಳವರನ್ನು ಎಂಬುದನ್ನು ನೆನೆದರೆ ಎರಡೂ ಪಠ್ಯಗಳು ಒಂದೇ ದಿಕ್ಕಿಗೆ ಕೈತೋರುತ್ತವೆ: ಹಿಂದಿನ ಸಾಲಿನವನನ್ನು ಅಳೆಯುವ ಮೊದಲು ಮುಂದಿನ ಸಾಲಿನವರು, ಎಲ್ಲರಿಗಿಂತ ಮೊದಲು ಪೀಠದ ಬಳಿ ನಿಂತವರು, ತಮ್ಮನ್ನು ಶೋಧಿಸಿಕೊಳ್ಳಬೇಕು.

ಹಾಗೆಂದು ಆ ಕುಟುಂಬವನ್ನು ಸಿದ್ಧತೆಯ ಸಂತೋಷದಿಂದ ವಂಚಿಸುವುದೂ ಸಲ್ಲದು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ತನ್ನ ದೈವಾರಾಧನಾ ಸಂವಿಧಾನದಲ್ಲಿ, ಮಹೋತ್ಸವಗಳ ಮುನ್ನಾದಿನಗಳಲ್ಲಿಯೂ ಆಗಮನಕಾಲ ಮತ್ತು ತಪಸ್ಸುಕಾಲದ ಕೆಲವು ವಾರದಿನಗಳಲ್ಲಿಯೂ ದೇವರ ವಾಕ್ಯದ ಆರಾಧನೆಗಳನ್ನು ಪ್ರೋತ್ಸಾಹಿಸಬೇಕೆಂದಿದೆ. ಗುರುಗಳಿಲ್ಲದ ಸ್ಥಳಗಳನ್ನು ವಿಶೇಷವಾಗಿ ಹೆಸರಿಸಿದೆ. ಪ್ರಾಯಶ್ಚಿತ್ತ ವಿಧಿಯೂ ಸಂಸ್ಕಾರವಲ್ಲದ ಪಶ್ಚಾತ್ತಾಪದ ಆರಾಧನೆಗಳು ಅಂಥ ಕಡೆಗಳಲ್ಲಿ ಬಹಳ ಪ್ರಯೋಜನಕಾರಿಯೆನ್ನುತ್ತದೆ. ಅವನ್ನು ಸಂಸ್ಕಾರದೊಂದಿಗೆ ಬೆರೆಸಬಾರದು. ಆದರೆ ಉಪದೇಶಿಯೊಬ್ಬರು, ಅಥವಾ ಓದಬಲ್ಲ ಮಗಳೊಬ್ಬಳು, ರಾತ್ರಿಯೂಟಕ್ಕೆ ಮುಂಚೆ ಯೊವಾನ್ನರ ಒಂದು ಪ್ರಸಂಗವನ್ನು ಓದಿ, ಮನೆಯವರು ಅದರಿಂದ ಏಳುವ ಒಂದೇ ಒಂದು ಪ್ರಶ್ನೆಯ ಮುಂದೆ ಮೌನವಾಗಿ ಕುಳಿತು, ಒಬ್ಬರಿಗೊಬ್ಬರು ಕ್ಷಮೆ ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಜೆರುಸಲೇಮಿಗೆ ಬಂದ ಯಾತ್ರಿಕೆ ಎಜೇರಿಯಾ, ಅಲ್ಲಿನ ಧರ್ಮಾಧ್ಯಕ್ಷರು ಪಾಸ್ಕಕ್ಕೆ ಮುಂಚಿನ ನಲವತ್ತು ದಿನ, ದಿನಕ್ಕೆ ಮೂರು ಗಂಟೆ, ಆದಿಕಾಂಡದಿಂದ ಆರಂಭಿಸಿ ಪವಿತ್ರಗ್ರಂಥವನ್ನು ಮೊದಲು ಅಕ್ಷರಾರ್ಥದಲ್ಲಿ, ಆಮೇಲೆ ಆತ್ಮಿಕ ಅರ್ಥದಲ್ಲಿ ವಿವರಿಸುತ್ತಿದ್ದರೆಂದು ಬರೆದಿಟ್ಟಿದ್ದಾಳೆ. ಮೂರು ಗಂಟೆ ನಮಗೆ ಒದಗದಿರಬಹುದು. ಅರ್ಧ ಗಂಟೆ ಒದಗೀತು.

ಅದಕ್ಕೆ ಬೇಕಾದವರನ್ನು ಸಿದ್ಧಪಡಿಸುವ ಹೊಣೆ ಮಾತ್ರ ನಮ್ಮದು. ಗುರುಮಠದ ವಿದ್ಯಾರ್ಥಿಗಳು ತಪಸ್ಸುಕಾಲದ ಸೇವೆಗೆ ಹಳ್ಳಿಗಳಿಗೆ ಹೊರಡುವಾಗ ಪ್ರಶ್ನಾವಳಿಯ ಪ್ರತಿಗಳ ಬದಲು ಯೊವಾನ್ನರ ಈ ಮೂರು ಅಧ್ಯಾಯಗಳನ್ನು ತಿಳಿಗನ್ನಡದಲ್ಲಿ ಬಿಡಿಸಿ ಹೇಳುವ ಸಾಮರ್ಥ್ಯವನ್ನು ಒಯ್ಯಲಿ. ಬಿಡಿಸಿ ಹೇಳುವ ಮುನ್ನ ಆ ಅಧ್ಯಾಯಗಳು ತಮ್ಮನ್ನು ಶೋಧಿಸಲು ಬಿಡಲಿ. ದೀಪ ಹಿಡಿದವನ ಮುಖದ ಮೇಲೆಯೇ ಅದರ ಬೆಳಕು ಮೊದಲು ಬೀಳುತ್ತದೆ.